ಕಾಸರಗೋಡಿನ ಸೆಕೆಗೂ ಮಳೆಗೂ ಒಗ್ಗುವ ಯುಟಿಲಿಟಿ ಕಿಲ್ಟ್: ಹೊಲಿಸುವ, ಉಡುವ, ಒಗೆಯುವ ಕ್ರಮ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಗಂಡಸರ ದಿನನಿತ್ಯದ ಉಡುಪು ಇಂದಿಗೂ ಎರಡು ಪಾಲಾಗಿಯೇ ಇದೆ. ಮನೆಗೆ, ತೋಟಕ್ಕೆ, ಸಂಜೆ ಅಂಗಡಿಯ ಜಗಲಿಗೆ ಲುಂಗಿ ಅಥವಾ ಮುಂಡು. ಕಚೇರಿಗೆ, ಪೇಟೆಗೆ, ರೈಲು ಪ್ರಯಾಣಕ್ಕೆ ಪ್ಯಾಂಟು. ಲುಂಗಿಯಲ್ಲಿ ಗಾಳಿಯಾಡುತ್ತದೆ, ಆದರೆ ಜೇಬಿಲ್ಲ. ಎರಡೂ ಕೈಗಳಿಗೆ ಕೆಲಸವಿದ್ದಾಗ ಸೊಂಟದ ಕಟ್ಟು ಸಡಿಲವಾಗುತ್ತಲೇ ಇರುತ್ತದೆ. ಪ್ಯಾಂಟಿನಲ್ಲಿ ಜೇಬುಗಳಿವೆ, ಬೆಲ್ಟಿದೆ, ಆದರೆ ಮೇ ತಿಂಗಳ ಸೆಕೆಯಲ್ಲಿ ಬೆವರಿಗೂ ಜುಲೈ ತಿಂಗಳ ಮಳೆಯಲ್ಲಿ ಒದ್ದೆಗೂ ಅದು ತೊಡೆಗೆ ಅಂಟಿಕೊಳ್ಳುತ್ತದೆ. ತೊಡೆಸಂದಿಯಲ್ಲಿ ಹುಳುಕಡ್ಡಿ ಹಬ್ಬುವುದಕ್ಕೆ ಇಂಥ ಬಿಗಿಯಾದ, ಒದ್ದೆಯಾದ ಬಟ್ಟೆ ಅನುಕೂಲ ಮಾಡಿಕೊಡುತ್ತದೆಂಬುದು ನಮ್ಮ ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಲುಂಗಿಯ ಗಾಳಿಯನ್ನೂ ಪ್ಯಾಂಟಿನ ಜೇಬು, ಬೆಲ್ಟುಗಳನ್ನೂ ಒಂದೇ ಉಡುಪಿನಲ್ಲಿ ಕೊಡುವ ಯುಟಿಲಿಟಿ ಕಿಲ್ಟನ್ನು ಇಲ್ಲಿಯ ಹವೆಗೆ ತಕ್ಕಂತೆ ಊರಿನ ಟೈಲರ್ ಕೈಯಲ್ಲೇ ಹೊಲಿಸಿಕೊಳ್ಳಬಹುದು. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲಿನ ತನಕ ಬರುವ ನೆರಿಗೆಯ ಉಡುಪು. ಅಲ್ಲಿಯ ಸಾಂಪ್ರದಾಯಿಕ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಯ ಚೌಕುಳಿ ಬಟ್ಟೆ ಬೇಕಾಗುತ್ತದೆ. ನಮ್ಮ ಹವೆಯಲ್ಲಿ ಅದನ್ನು ಉಟ್ಟು ತಿರುಗುವುದು ಸಾಧ್ಯವೇ ಇಲ್ಲ. ಅದೇ ಆಕಾರವನ್ನು ದಪ್ಪ ಹತ್ತಿಬಟ್ಟೆಯಲ್ಲಿ, ದೊಡ್ಡ ಜೇಬುಗಳನ್ನು ಸೇರಿಸಿ, ಕೆಲಸದ ಉಡುಪಾಗಿ ಮಾರುಕಟ್ಟೆಗೆ ತಂದವರಲ್ಲಿ 2000ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸ್ಟೀವನ್ ವಿಲ್ಲೆಗಾಸ್ ಆರಂಭಿಸಿದ ಯುಟಿಲಿಕಿಲ್ಟ್ಸ್ ಹೆಸರುವಾಸಿಯಾದದ್ದು. ಅದರ ರಚನೆ ಸರಳ: ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಚಪ್ಪಟೆ ಎಸಳುಗಳು, ಹಿಂಭಾಗದಲ್ಲಿ ನೆರಿಗೆಗಳು, ಸೊಂಟದಲ್ಲಿ ಬೆಲ್ಟ್ ಹಾಕುವ ಪಟ್ಟಿ, ಬದಿಗಳಲ್ಲಿ ಜೇಬು.

ಬಟ್ಟೆಯ ಆಯ್ಕೆಯಲ್ಲಿ ಮಳೆಗಾಲವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಅಪ್ಪಟ ಹತ್ತಿಯ ದಪ್ಪ ಕ್ಯಾನ್ವಾಸ್ ಒಣಗಬೇಕಾದರೆ ದಿನಗಟ್ಟಲೆ ಹಗ್ಗದ ಮೇಲಿರಬೇಕು, ಕೊನೆಗೆ ಮುಗ್ಗಲು ವಾಸನೆಯೂ ಬರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಹತ್ತಿ, ಪಾಲಿಯೆಸ್ಟರ್ ಬೆರೆತ ಟ್ವಿಲ್ ಬಟ್ಟೆಯೂ ಬೇಸಗೆಗೆ ಸಮವಸ್ತ್ರಕ್ಕೆ ಬಳಸುವಂಥ ಖಾಕಿ ಡ್ರಿಲ್ ಬಟ್ಟೆಯೂ ಒಳ್ಳೆಯದು. ಬಟ್ಟೆ ತೀರ ತೆಳುವಾದರೆ ನೆರಿಗೆ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ. ಜೀನ್ಸ್ ಬಟ್ಟೆಯಷ್ಟು ದಪ್ಪವಾದರೆ ಹಿಂಭಾಗದಲ್ಲಿ ಮೂರು ಪದರ ಕೂಡಿದಲ್ಲಿ ಭಾರವಾಗುತ್ತದೆ. ಹತ್ತಿ ಹೆಚ್ಚಿರುವ ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಟೈಲರ್‌ಗೆ ಕೊಡಬೇಕು. ಹೊಲಿದ ಮೇಲೆ ಕುಗ್ಗಿದರೆ ನೆರಿಗೆಗಳೆಲ್ಲ ಸೊಟ್ಟಗಾಗುತ್ತವೆ.

ಅಳತೆಗೆ ಪ್ಯಾಂಟಿನ ಸೈಜನ್ನು ನಂಬಬಾರದು. ಲುಂಗಿಯನ್ನು ಎಲ್ಲಿ ಕಟ್ಟುತ್ತೀರೋ ಅಲ್ಲಿ, ಎಂದರೆ ಹೊಕ್ಕುಳಿಗಿಂತ ತುಸು ಕೆಳಗೆ, ಟೇಪು ಸುತ್ತಿ ಸೊಂಟದ ಅಳತೆ ತೆಗೆಯಿರಿ. ಪೃಷ್ಠದ ಅತಿ ಅಗಲವಾದ ಜಾಗದಲ್ಲಿ ಇನ್ನೊಂದು ಅಳತೆ ತೆಗೆಯಿರಿ. ಉದ್ದವನ್ನು ಸೊಂಟಪಟ್ಟಿಯ ಮೇಲಂಚಿನಿಂದ ಮೊಣಕಾಲ ಚಿಪ್ಪಿನ ನಡುವಿನ ತನಕ ಅಳೆಯಬೇಕು. ಪಾಶ್ಚಾತ್ಯರಲ್ಲಿ ಮೊಣಕಾಲಿನ ಮೇಲಕ್ಕೆ ನಿಲ್ಲುವ ಕಿಲ್ಟುಗಳೂ ಇವೆಯಾದರೂ ನಮ್ಮಲ್ಲಿ ಚಿಪ್ಪು ಅರ್ಧವಾದರೂ ಮುಚ್ಚುವುದು ಲೇಸೆಂದು ನಾನು ಒತ್ತಿ ಹೇಳುತ್ತೇನೆ. ಮಡಚಿ ಕಟ್ಟಿದ ಮುಂಡನ್ನು ಹಿರಿಯರು ಎದುರಾದಾಗ ಕೆಳಗೆ ಬಿಡುವುದು ಇಲ್ಲಿಯ ಮರ್ಯಾದೆ. ಕಿಲ್ಟನ್ನು ಹಾಗೆ ಇಳಿಸಲು ಬರುವುದಿಲ್ಲವಾದ್ದರಿಂದ ಆ ಮರ್ಯಾದೆಯನ್ನು ಅಳತೆ ತೆಗೆಯುವಾಗಲೇ ಉಳಿಸಿಕೊಳ್ಳಬೇಕು.

ಇನ್ನು ಟೈಲರ್‌ಗೆ ವಿವರಿಸಬೇಕಾದ ಭಾಗ. ಪೃಷ್ಠದ ಅಳತೆ 38 ಇಂಚು, ಸೊಂಟ 34 ಇಂಚು ಎಂದಿಟ್ಟುಕೊಳ್ಳಿ. ಅರ್ಧ, ಎಂದರೆ 19 ಇಂಚು, ಮುಂದಿನ ಎಸಳಿಗೆ. ಅದರ ಅಡಿಯಲ್ಲಿ ಬರುವ ಒಳ ಎಸಳಿಗೂ ಅಷ್ಟೇ. ಉಳಿದರ್ಧದಲ್ಲಿ ಹತ್ತು ನೆರಿಗೆಗಳು ಬರುತ್ತವೆ: ಪ್ರತಿ ನೆರಿಗೆ ಹೊರಗೆ 2 ಇಂಚಿಗೆ ತುಸು ಕಡಿಮೆ ಕಾಣಿಸಿ, ಒಳಗೆ 2 ಇಂಚು ಆಳಕ್ಕೆ ಮಡಿಕೆಯಾಗುವುದರಿಂದ, ಒಂದೊಂದಕ್ಕೆ 6 ಇಂಚಿನಷ್ಟು ಬಟ್ಟೆ ಹೋಗುತ್ತದೆ. ಒಟ್ಟು ಸುಮಾರು 100 ಇಂಚಿನ ಪಟ್ಟಿ ಬೇಕು. 58 ಇಂಚು ಪನ್ನದ ಬಟ್ಟೆಯಲ್ಲಿ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಕತ್ತರಿಸಿ ಜೋಡಿಸಿದರೆ ಜೇಬು, ಸೊಂಟಪಟ್ಟಿಗಳೂ ಸೇರಿ 2 ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಜೋಡಿಸಿದ ಹೊಲಿಗೆ ನೆರಿಗೆಯ ಒಳಮಡಿಕೆಯಲ್ಲಿ ಅಡಗಬೇಕು. ಸೊಂಟಕ್ಕೂ ಪೃಷ್ಠಕ್ಕೂ ಇರುವ 4 ಇಂಚಿನ ವ್ಯತ್ಯಾಸವನ್ನು ಒಂದೇ ಕಡೆ ಡಾರ್ಟ್ (ಬಟ್ಟೆಯನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಹಿಡಿದು ಮುಗಿಸಬಾರದು. 2 ಇಂಚನ್ನು ಮುಂದಿನ ಎಸಳುಗಳ ಬದಿಯಲ್ಲಿ ಇಳಿಸಿ, ಉಳಿದ 2 ಇಂಚನ್ನು ಹತ್ತು ನೆರಿಗೆಗಳಿಗೂ ಹಂಚಿದರೆ ಹಿಂಭಾಗ ಮೈಗೆ ಒಪ್ಪಿ ಕೂರುತ್ತದೆ. ನೆರಿಗೆಗಳನ್ನು ಸೊಂಟದಿಂದ 5–6 ಇಂಚು ಕೆಳಗಿನ ತನಕ ಹೊಲಿದು ಅನಂತರ ಬಿಡಬೇಕು. ಪ್ರತಿ ನೆರಿಗೆಯ ಒಳಮಡಿಕೆಯ ಅಂಚಿಗೆ ಮೇಲಿನಿಂದ ಕೆಳಗಿನ ತನಕ ಒಂದು ಸಣ್ಣ ಹೊಲಿಗೆ ಹಾಕಿಸಿಕೊಳ್ಳಲು ಮರೆಯಬೇಡಿ. ಟೈಲರ್ ಇದಕ್ಕೆ ಹೆಚ್ಚು ಮಜೂರಿ ಕೇಳಬಹುದು, ಕೇಳಿದರೆ ಕೊಡಿ, ಏಕೆಂದರೆ ಪ್ರತಿ ಸಲ ಒಗೆದ ಮೇಲೆ ಹತ್ತು ನೆರಿಗೆಗಳನ್ನು ಕೂಡಿಸಿ ಇಸ್ತ್ರಿ ಹಾಕುವ ಶ್ರಮ ಇದರಿಂದ ಮುಕ್ಕಾಲು ಪಾಲು ತಪ್ಪುತ್ತದೆ. ಕೆಳಗಂಚಿನಲ್ಲಿ 2 ಇಂಚು ಮಡಚಿರಲಿ. ಬೇಕಾದರೆ ಮುಂದೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು.

ಜೇಬು ಈ ಉಡುಪಿನ ಜೀವ. ಪ್ಯಾಂಟಿನ ಜೇಬಿನಂತೆ ಅದನ್ನು ಮೂರು ಕಡೆಯೂ ಹೊಲಿದುಬಿಟ್ಟರೆ ಪಕ್ಕದ ನೆರಿಗೆಗಳು ಬಂಧಿಯಾಗಿ ಕಾಲು ಬೀಸಿ ನಡೆಯಲಾಗುವುದಿಲ್ಲ. ಜೇಬನ್ನು ಬೇರೆಯೇ ಚೀಲವಾಗಿ ಹೊಲಿದು, ಎಸಳು ಮುಗಿದು ನೆರಿಗೆ ಆರಂಭವಾಗುವ ಬದಿಯಲ್ಲಿ, ಮೇಲಂಚನ್ನೂ ಮುಂದಿನ ಅಂಚನ್ನೂ ಮಾತ್ರ ಕಿಲ್ಟಿಗೆ ಸೇರಿಸಬೇಕು. ಹಿಂದಿನ ಅಂಚು ತೂಗುತ್ತಿರಬೇಕು. ನಿಂತು ಕೈಯನ್ನು ಸಹಜವಾಗಿ ಇಳಿಬಿಟ್ಟಾಗ ಬೆರಳುಗಳು ಜೇಬಿನ ಬಾಯಿಗೆ ತಾಗಿದರೆ ಎತ್ತರ ಸರಿಯಾಗಿದೆಯೆಂದು ಅರ್ಥ. ಬಾಯಿಗೆ ಮುಚ್ಚಳವೂ ಟಿಚ್ ಬಟನ್ನೂ ಇದ್ದರೆ ಸಣ್ಣ ಮಳೆಗೆ ಒಳಗಿನ ಮೊಬೈಲು ಒದ್ದೆಯಾಗದು. ಒಂದು ಬದಿಗೆ ಮೊಬೈಲು, ಇನ್ನೊಂದು ಬದಿಗೆ ಬೀಗದ ಕೈಗೊಂಚಲು, ಪರ್ಸು ಎಂದು ಭಾರ ಹಂಚಿಕೊಳ್ಳಿ. ಒಂದೇ ಕಡೆ ತುಂಬಿದರೆ ಕಿಲ್ಟ್ ಸೊಂಟದಲ್ಲಿ ತಿರುಗಿ ನೆರಿಗೆ ಬದಿಗೆ ಬರುತ್ತದೆ.

ಉಡುವಾಗ ಒಳ ಎಸಳನ್ನು ಎಡ ಸೊಂಟದಲ್ಲಿ ಸಿಕ್ಕಿಸಿ, ಮೇಲಿನ ಎಸಳನ್ನು ಎಡದಿಂದ ಬಲಕ್ಕೆ ತಂದು ಬಲ ಸೊಂಟದಲ್ಲಿ ಸಿಕ್ಕಿಸುವುದು ಗಂಡಸರ ಕಿಲ್ಟಿನ ರೂಢಿ. ಸೊಂಟಪಟ್ಟಿಗೆ ಪ್ಯಾಂಟಿನ ದಪ್ಪ ಹುಕ್ಕು ಎರಡು, ಅದರ ಮೇಲೆ ಬೆಲ್ಟು. ಎಸಳು ಗಾಳಿಗೆ ತೆರೆಯದಂತೆ ತೊಡೆಯ ನಡುಮಟ್ಟದಲ್ಲಿ ಒಂದು ಟಿಚ್ ಬಟನ್ ಇರಲಿ. ಒಳಗೆ ಚಡ್ಡಿ ಹಾಕಿಯೇ ಇರಬೇಕು.

ಕೂರುವುದನ್ನು ಎರಡು ದಿನ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಉತ್ತಮ. ಬೆಂಚಿನ ಮೇಲೆ ಕೂರುವ ಮೊದಲು ಅಂಗೈಯಿಂದ ಹಿಂದಿನ ನೆರಿಗೆಗಳನ್ನು ಒಮ್ಮೆ ಕೆಳಕ್ಕೆ ಸವರಿದರೆ ಅವು ಮುದ್ದೆಯಾಗುವುದಿಲ್ಲ. ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಾಗ ಮುಂದಿನ ಎಸಳನ್ನು ಎರಡು ಮೊಣಕಾಲುಗಳ ನಡುವೆ ಇಳಿಬಿಡಬೇಕು. ಸ್ಕೂಟರಿಗೆ ಕಿಲ್ಟ್ ಹೊಂದುತ್ತದೆ, ಅಂಚನ್ನು ತೊಡೆಯ ಅಡಿಗೆ ಒತ್ತಿಕೊಂಡು ಕೂತರೆ ಸಾಕು. ಆದರೆ ಸೈಲೆನ್ಸರ್ ಬರಿಗಾಲಿಗೆ ತಾಗಬಹುದಾದ ಬೈಕಿಗೆ, ಹೆದ್ದಾರಿಯ ವೇಗಕ್ಕೆ ಪ್ಯಾಂಟೇ ಸರಿ.

ತೋಟದ ಕೆಲಸಗಳಲ್ಲೂ ಇಂಥ ವಿವೇಚನೆ ಬೇಕು. ಅಡಿಕೆ ಹೆಕ್ಕುವುದು, ಸುಲಿಯುವುದು, ಅಂಗಳದಲ್ಲಿ ಒಣಹಾಕುವುದು, ನೀರಿನ ಪೈಪು ಸರಿಪಡಿಸುವುದು, ಮಂಡಿಗೆ ಅಡಿಕೆ ಒಯ್ಯುವುದು, ಇವಕ್ಕೆಲ್ಲ ಕಿಲ್ಟ್ ಲುಂಗಿಗಿಂತ ಹೆಚ್ಚು ಒದಗುತ್ತದೆ. ಮದ್ದು ಬಿಡುವ ದಿನ ಮಾತ್ರ ಅದನ್ನು ಉಡಬೇಡಿ. ಅಡಿಕೆಗೆ ಸಿಂಪಡಿಸುವ, ಮೈಲುತುತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣ ಬಟ್ಟೆಯಲ್ಲಿ ನೀಲಿ ಕಲೆ ಬಿಡುತ್ತದೆ, ಬರಿಗಾಲಿನ ಚರ್ಮಕ್ಕೂ ಒಳ್ಳೆಯದಲ್ಲ. ಹುಲ್ಲು ಕತ್ತರಿಸುವ ಮೆಷಿನ್ ಕಲ್ಲು ಹಾರಿಸುವುದರಿಂದ ಅದಕ್ಕೂ ದಪ್ಪ ಪ್ಯಾಂಟು, ಬೂಟು ಬೇಕು. ಮರ ಹತ್ತುವವರಿಗೆ ಕಿಲ್ಟ್ ಆಗದು. ದೇವಸ್ಥಾನಕ್ಕೆ, ಶುಭಕಾರ್ಯಕ್ಕೆ ಪಂಚೆಯ ಜಾಗದಲ್ಲಿ ಇದನ್ನು ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೆಂಗಸರ ಲಂಗವೇ ಎಂದು ಯಾರಾದರೂ ಕೇಳಿದರೆ ಜೇಬನ್ನೂ ನೆರಿಗೆಯನ್ನೂ ತೋರಿಸಿ ಅದರ ಉಪಯೋಗವನ್ನು ವಿವರಿಸಿ; ತಲೆತಲಾಂತರದಿಂದ ಲುಂಗಿ ಉಟ್ಟ ಊರಿಗೆ ಇದು ಅರ್ಥವಾಗದ ಉಡುಪೇನೂ ಅಲ್ಲ.

ಒಗೆಯುವಾಗ ಬಟನ್ನುಗಳನ್ನು ಹಾಕಿ, ಒಳಮಗ್ಗುಲು ಹೊರಕ್ಕೆ ತಿರುಗಿಸಿ, ತಣ್ಣೀರಿನಲ್ಲಿ ಒಗೆಯಿರಿ. ಹಿಂಡಿ ತಿರುಚಬೇಡಿ, ನೀರು ಬಸಿದ ಮೇಲೆ ನೆರಿಗೆಗಳನ್ನು ಕೈಯಲ್ಲಿ ಎಳೆದು ಕೂಡಿಸಿ, ಸೊಂಟಪಟ್ಟಿಗೆ ಮೂರು ನಾಲ್ಕು ಕ್ಲಿಪ್ ಹಾಕಿ ತೂಗುಬಿಟ್ಟರೆ ಬಟ್ಟೆಯ ಭಾರಕ್ಕೇ ನೆರಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಜೇಬುಗಳನ್ನು ಒಳಗು ಹೊರಗು ಮಾಡಿ ಒಣಗಿಸಬೇಕು, ಬೂಸರು ಮೊದಲು ಹಿಡಿಯುವುದು ಅಲ್ಲೇ. ಎರಡು ಮೂರು ಒಗೆತದ ಬಳಿಕ ಉದ್ದವನ್ನು ಮತ್ತೊಮ್ಮೆ ನೋಡಿ, ಬೇಕಿದ್ದರೆ ಅಂಚು ಬಿಚ್ಚಿಸಿ, ಆಮೇಲೆ ಟೈಲರ್ ಬಳಿಯಿರುವ ಅಳತೆಯ ಕಾಗದವನ್ನು ಆ ಪ್ರಕಾರ ತಿದ್ದಿಸಿಟ್ಟರೆ ಎರಡನೆಯ ಕಿಲ್ಟಿಗೆ ಬಟ್ಟೆ ಕೊಟ್ಟು ಬಂದರೆ ಸಾಕಾಗುತ್ತದೆ.