ಎಕ್ಸೆಲ್‌ಗೆ ಮೈಎಸ್‌ಕ್ಯೂಎಲ್ ಜೋಡಿಸಬೇಕಾ? ಡ್ರೈವರ್ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ

ಎಕ್ಸೆಲ್‌ನಂಥ ಪ್ರೋಗ್ರಾಮ್ ಡೇಟಾಬೇಸ್ ಜೊತೆ ಮಾತಾಡಲು ಬೇಕಾದ ಕೊಂಡಿಯೇ ಒಡಿಬಿಸಿ ಡ್ರೈವರ್. ಅದನ್ನು ಹಾಕುವುದು ಐದು ನಿಮಿಷದ ಕೆಲಸ. ಮೊದಲೇ ನೋಡಬೇಕಾದ್ದನ್ನು ನೋಡದೆ ಕೂತರೆ ಅದೇ ಕೆಲಸ ಸಂಜೆವರೆಗೂ ಎಳೆಯುತ್ತದೆ. ನಾನು ಹಾಸನದ ಸುತ್ತಮುತ್ತ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ, ಜಾಸ್ತಿ ಸಹಕಾರ ಸಂಘಗಳದ್ದು. ಸದಸ್ಯರ ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿ ಇರುತ್ತದೆ, ಕಾರ್ಯದರ್ಶಿಗೆ ಅದು ಎಕ್ಸೆಲ್‌ನಲ್ಲಿ ಬೇಕು. ತಿಂಗಳ ಕೊನೆಗೆ ಪ್ರಿಂಟ್ ಇಟ್ಟುಕೊಂಡು ಮತ್ತೆ ಟೈಪ್ ಮಾಡುವ ಹುಡುಗಿಯ ಕಷ್ಟ ನೋಡಿದರೆ ಈ ಕೆಲಸವನ್ನು ಸರಿಯಾಗಿ ಮಾಡಿಕೊಡಲೇಬೇಕು ಅನ್ನಿಸುತ್ತದೆ. ಬೇಕಾದ ಡ್ರೈವರ್ ಹೆಸರು ಮೈಎಸ್‌ಕ್ಯೂಎಲ್ ಕನೆಕ್ಟರ್ ಒಡಿಬಿಸಿ. ಕೆಳಗಿನದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಎಲ್ಲಕ್ಕಿಂತ ಮೊದಲು ಬಿಟ್ ನೋಡಿ, ಅಂದರೆ 32 ಬಿಟ್‌ನದ್ದೋ 64 ಬಿಟ್‌ನದ್ದೋ ಅಂತ. ವಿಂಡೋಸ್‌ನದ್ದಲ್ಲ, ಎಕ್ಸೆಲ್‌ನದ್ದು. ಜನ ಎಡವುವುದು ಇಲ್ಲೇ. ವಿಂಡೋಸ್ 64 ಬಿಟ್ ಅಂತ ನೋಡಿ 64 ಬಿಟ್ ಡ್ರೈವರ್ ಹಾಕುತ್ತಾರೆ, ಎಕ್ಸೆಲ್ 32 ಬಿಟ್ ಆಗಿರುತ್ತದೆ. ಡ್ರೈವರ್ ಹೋಗಿ ಕೂರುವುದು ಅದನ್ನು ಕರೆಯುವ ಪ್ರೋಗ್ರಾಮ್‌ನ ಒಳಗೆ. ಹಾಗಾಗಿ ಎರಡರ ಬಿಟ್ ಒಂದೇ ಇರಬೇಕು. ಹೊಂದದಿದ್ದರೆ ಡ್ರೈವರ್‌ಗೂ ಅಪ್ಲಿಕೇಶನ್‌ಗೂ ಆರ್ಕಿಟೆಕ್ಚರ್ ಮಿಸ್‌ಮ್ಯಾಚ್ ಅಂತ ಎರರ್ ಬರುತ್ತದೆ.

ಎಕ್ಸೆಲ್ ತೆರೆದು ಫೈಲ್, ಅಲ್ಲಿಂದ ಅಕೌಂಟ್, ಅಲ್ಲಿಂದ ಅಬೌಟ್ ಎಕ್ಸೆಲ್ ಒತ್ತಿ. ಬರುವ ಕಿಟಕಿಯ ಮೇಲಿನ ಸಾಲಿನಲ್ಲೇ 32 ಅಥವಾ 64 ಬಿಟ್ ಅಂತ ಇರುತ್ತದೆ. ಆಫೀಸ್ 2019ರಿಂದ ಈಚೆಗೆ ತಾನಾಗಿ ಕೂರುವುದು 64 ಬಿಟ್. ಅದಕ್ಕೂ ಹಳೆಯದಾದರೆ 32 ಬಿಟ್ ಇರುವ ಸಂಭವವೇ ಜಾಸ್ತಿ. ಎಕ್ಸೆಲ್ ಬದಲು ಯಾವುದೋ ಹಳೆಯ ವಿಬಿ6 (ವಿಷುವಲ್ ಬೇಸಿಕ್ 6) ಪ್ರೋಗ್ರಾಮ್‌ಗೆ ಜೋಡಿಸುವುದಿದ್ದರೆ ಯೋಚನೆಯೇ ಬೇಡ, ಅದು ಯಾವತ್ತೂ 32 ಬಿಟ್.

ಈಗ ಆ ಸಿಸ್ಟಮ್‌ನಲ್ಲಿ ಮೊದಲೇ ಏನಿದೆ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಒಡಿಬಿಸಿ ಅಂತ ಹುಡುಕಿದರೆ ಎರಡು ಸಿಗುತ್ತವೆ: ಒಂದು 32 ಬಿಟ್‌ನದ್ದು, ಇನ್ನೊಂದು 64 ಬಿಟ್‌ನದ್ದು. ನೋಡಲು ಒಂದೇ ಥರ, ಒಳಗಿರುವುದು ಬೇರೆ. ಫೋಲ್ಡರ್‌ನಿಂದ ತೆರೆಯುವವರು ಹುಷಾರಾಗಿರಿ: ಸಿಸ್ಟಮ್32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್‌ನದ್ದು, ಸಿಸ್‌ವಾವ್64 ಫೋಲ್ಡರ್‌ನಲ್ಲಿ ಇರುವುದು 32 ಬಿಟ್‌ನದ್ದು. ಹೆಸರಿಗೆ ಪೂರ್ತಿ ಉಲ್ಟಾ. ಹೀಗಾಗಿ ನಾನು ಸ್ಟಾರ್ಟ್ ಮೆನುವಿನಿಂದಲೇ ತೆರೆಯಿರಿ ಅನ್ನುತ್ತೇನೆ.

ಎರಡರಲ್ಲೂ ಡ್ರೈವರ್ಸ್ ಟ್ಯಾಬ್ ಒತ್ತಿ, ಹಳೆಯ ಮೈಎಸ್‌ಕ್ಯೂಎಲ್ ಡ್ರೈವರ್ ಇದೆಯಾ ನೋಡಿ. ಇದ್ದರೆ ಕೂಡಲೇ ತೆಗೆದುಹಾಕಬೇಡಿ. ಪಕ್ಕದ ಯೂಸರ್ ಡಿಎಸ್‌ಎನ್, ಸಿಸ್ಟಮ್ ಡಿಎಸ್‌ಎನ್ ಟ್ಯಾಬ್‌ಗಳಲ್ಲಿ ಅದನ್ನೇ ನಂಬಿಕೊಂಡ ಕನೆಕ್ಷನ್ ಇರಬಹುದು (ಡಿಎಸ್‌ಎನ್ ಅಂದರೆ ಹೆಸರು ಕೊಟ್ಟು ಉಳಿಸಿಟ್ಟ ಕನೆಕ್ಷನ್). ಡ್ರೈವರ್ ತೆಗೆದರೆ ಬೇರೆ ಯಾರದೋ ರಿಪೋರ್ಟ್ ನಿಂತುಹೋಗುತ್ತದೆ. ಎಲ್ಲ ಟ್ಯಾಬ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ.

ಇನ್ನು ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್, ಅಂದರೆ ಬೇರೆ ಪ್ರೋಗ್ರಾಮ್‌ಗಳು ಓಡಲು ಬೇಕಾದ ಫೈಲುಗಳ ಕಟ್ಟು. ಈ ಡ್ರೈವರ್ ಅದರ ಮೇಲೆ ನಿಂತಿದೆ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್‌ಗಳ ಪಟ್ಟಿಯಲ್ಲಿ 2015ರಿಂದ ಶುರುವಾಗುವ ಆವೃತ್ತಿ ಇದೆಯಾ ನೋಡಿ. 32 ಬಿಟ್ ಡ್ರೈವರ್‌ಗೆ ಎಕ್ಸ್86 ಅಂತ ಇರುವುದು ಬೇಕು, 64 ಬಿಟ್‌ಗೆ ಎಕ್ಸ್64. ಎರಡೂ ಒಟ್ಟಿಗೆ ಇದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ತಂದು ಹಾಕಿ, ಸಿಸ್ಟಮ್ ರೀಸ್ಟಾರ್ಟ್ ಮಾಡಿ. ಸೆಟಪ್ ರೂಟೀನ್ ಲೋಡ್ ಆಗಲಿಲ್ಲ, ಎರರ್ 126 ಅಂತ ಎಲ್ಲಾದರೂ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಮುಂದಿನದು ಸರ್ವರ್‌ವರೆಗಿನ, ಅಂದರೆ ಡೇಟಾಬೇಸ್ ಇರುವ ಕಂಪ್ಯೂಟರ್‌ವರೆಗಿನ ದಾರಿ. ಡ್ರೈವರ್ ಇಲ್ಲದೆಯೇ ಇದನ್ನು ನೋಡಬಹುದು, ಮೊದಲೇ ನೋಡುವುದು ಒಳ್ಳೆಯದು. ಪಿಂಗ್ ಕಮಾಂಡ್‌ಗೆ ಸರ್ವರ್‌ನಿಂದ ಉತ್ತರ ಬಂತು ಅಂದಮಾತ್ರಕ್ಕೆ ಡೇಟಾಬೇಸ್ ಸಿಗುತ್ತದೆ ಅಂತಲ್ಲ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಕೇಳಿಸಿಕೊಳ್ಳುವುದು 3306ನೇ ಪೋರ್ಟ್‌ನಲ್ಲಿ, ಅಂದರೆ ಆ ನಂಬರಿನ ಬಾಗಿಲಲ್ಲಿ. ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ಗೆ ಸರ್ವರ್‌ನ ಐಪಿಯನ್ನೂ ಈ ಪೋರ್ಟ್ ನಂಬರನ್ನೂ ಕೊಡಿ. ಕೊನೆಯ ಸಾಲಿನಲ್ಲಿ ಟ್ರೂ ಅಂತ ಬಂದರೆ ದಾರಿ ಸರಿಯಿದೆ. ಫಾಲ್ಸ್ ಬಂದರೆ ಸರ್ವರ್ ಬದಿ ನೋಡಬೇಕು. ಅಲ್ಲಿನ ಫೈರ್‌ವಾಲ್ ತಡೆಯುತ್ತಿರಬಹುದು. ಇಲ್ಲವೇ ಮೈಎಸ್‌ಕ್ಯೂಎಲ್‌ನ ಬೈಂಡ್ ಅಡ್ರೆಸ್ 127.0.0.1 ಆಗಿರಬಹುದು. ಹಾಗಿದ್ದರೆ ಅದು ತನ್ನ ಸ್ವಂತ ಮೆಶಿನ್‌ಗೆ ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ. ಪೋರ್ಟ್ ತೆರೆಯುವಾಗ ಆಫೀಸಿನ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ. ರೂಟರ್‌ನಲ್ಲಿ 3306 ತೆರೆದು ಇಂಟರ್ನೆಟ್‌ಗೆ ಬಿಡಬೇಡಿ, ಯಾರು ಎಷ್ಟು ಹೇಳಿದರೂ ಬೇಡ. ಅದು ಜನರ ದುಡ್ಡಿನ ಲೆಕ್ಕ ಅಲ್ವಾ.

ಯೂಸರ್ ಹೆಸರು, ಪಾಸ್‌ವರ್ಡ್ ಕೂಡ ಈಗಲೇ ಕೇಳಿ ಇಟ್ಟುಕೊಳ್ಳಿ. ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಬೇಡ. ರಿಪೋರ್ಟ್‌ಗೆ ಸೆಲೆಕ್ಟ್ (ಓದುವ) ಅನುಮತಿ ಒಂದಿದ್ದರೆ ಸಾಕು; ಅಷ್ಟೇ ಇರುವ ಬೇರೆ ಯೂಸರ್ ಮಾಡಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಯೂಸರ್ ಯಾವ ಮೆಶಿನ್‌ನಿಂದ ಬರುತ್ತಾನೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಲೋಕಲ್‌ಹೋಸ್ಟ್‌ಗೆ (ಸರ್ವರ್ ಮೆಶಿನ್‌ಗೆ ಮಾತ್ರ) ಅಂತ ಮಾಡಿದ ಯೂಸರ್ ನಿಮ್ಮ ಸಿಸ್ಟಮ್‌ನಿಂದ ಒಳಗೆ ಹೋಗಲಾರ. ಸರ್ವರ್‌ನ ಆವೃತ್ತಿಯನ್ನೂ ಕೇಳಿ. 8.0ರಿಂದ ಲಾಗಿನ್ ಪರೀಕ್ಷಿಸುವ ಕ್ರಮವೇ ಬದಲಾಗಿದೆ, 5.1ರಂಥ ಹಳೆಯ ಡ್ರೈವರ್‌ಗಳಿಗೆ ಅದು ಗೊತ್ತಿಲ್ಲ. ಪೆನ್‌ಡ್ರೈವ್‌ನಲ್ಲಿ ಇದ್ದ ಹಳೆಯ ಫೈಲನ್ನೇ ಸುಮ್ನೆ ಹಾಕಬೇಡಿ.

ನಮ್ಮವರು ವಿಶೇಷವಾಗಿ ನೋಡಬೇಕಾದ್ದು ಕನ್ನಡ. ಕನೆಕ್ಟರ್ ಹಾಕಿದಾಗ ಎರಡು ಡ್ರೈವರ್ ಬಂದು ಕೂರುತ್ತವೆ, ಯೂನಿಕೋಡ್ ಒಂದು, ಆನ್ಸಿ ಒಂದು. ಸದಸ್ಯರ ಹೆಸರು ಕನ್ನಡದಲ್ಲಿದ್ದರೆ ಯೂನಿಕೋಡ್‌ನದ್ದೇ ಬೇಕು. ಇನ್ನೊಂದನ್ನು ಆರಿಸಿದರೆ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಟೇಬಲ್‌ನ ಕ್ಯಾರೆಕ್ಟರ್ ಸೆಟ್ (ಅಕ್ಷರ ಉಳಿಸಿಡುವ ಕ್ರಮ) ಯಾವುದು ಅಂತಲೂ ಸರ್ವರ್ ನೋಡುವವರನ್ನು ಕೇಳಿ. ಯುಟಿಎಫ್8ಎಂಬಿ4 ಇದ್ದರೆ ನಿಶ್ಚಿಂತೆ. ಮೈಎಸ್‌ಕ್ಯೂಎಲ್ 5.7ರವರೆಗೆ ತಾನಾಗಿ ಬರುತ್ತಿದ್ದದ್ದು ಲ್ಯಾಟಿನ್1, ಅದರಲ್ಲಿ ಯೂನಿಕೋಡ್ ಕನ್ನಡ ನಿಲ್ಲುವುದಿಲ್ಲ. ನುಡಿಯ ಹಳೆಯ ಫಾಂಟ್‌ನಲ್ಲಿ ತುಂಬಿಸಿದ ಡೇಟಾ ಆದರೆ ವಿಷಯ ಬೇರೆ. ಅಲ್ಲಿ ಇರುವುದು ಕನ್ನಡ ಅಕ್ಷರವೇ ಅಲ್ಲ, ಚಿಹ್ನೆ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಇದನ್ನು ಆಫೀಸಿನವರಿಗೆ ಮೊದಲೇ ತಿಳಿಸಿ, ಅವರು ಆಸೆ ಇಟ್ಟುಕೊಂಡು ಕಾಯುತ್ತಿರುತ್ತಾರೆ.

ಉಳಿದದ್ದು ಸಣ್ಣಪುಟ್ಟದ್ದು. ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವವರು ಆ ದಿನ ಆಫೀಸಿನಲ್ಲಿ ಇರಲಿ. ಅರ್ಧಕ್ಕೆ ನಿಂತ ವಿಂಡೋಸ್ ಅಪ್‌ಡೇಟ್ ಇದ್ದರೆ ಮುಗಿಸಿ. ಎಕ್ಸೆಲ್ ಮುಚ್ಚಿ. ಡ್ರೈವರನ್ನು ಮೈಎಸ್‌ಕ್ಯೂಎಲ್‌ನ ಸೈಟಿನಿಂದಲೇ ತನ್ನಿ; ಲಾಗಿನ್ ಕೇಳುವ ಪುಟದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಲಾಗಿನ್ ಇಲ್ಲದೆ ಇಳಿಸಿಕೊಳ್ಳುವ ಲಿಂಕ್ ಇದೆ. ಫೈಲ್ ಹೆಸರಿನಲ್ಲಿ ವಿನ್‌ಎಕ್ಸ್64 ಅಂತ ಇದ್ದರೆ 64 ಬಿಟ್, ವಿನ್32 ಅಂತ ಇದ್ದರೆ 32 ಬಿಟ್.

ಆ ಸಿಸ್ಟಮ್‌ನಲ್ಲಿ ಇಬ್ಬರು ಬೇರೆ ಬೇರೆ ಲಾಗಿನ್‌ನಿಂದ ಕೆಲಸ ಮಾಡುತ್ತಾರೆಯೇ ಅಂತ ಕೇಳಿಕೊಳ್ಳಿ. ಹೌದು ಅಂದರೆ ಡ್ರೈವರ್ ಹಾಕಿದ ಮೇಲೆ ಕನೆಕ್ಷನ್ ಅನ್ನು ಸಿಸ್ಟಮ್ ಡಿಎಸ್‌ಎನ್‌ನಲ್ಲಿ ಮಾಡಬೇಕು. ಯೂಸರ್ ಡಿಎಸ್‌ಎನ್‌ನಲ್ಲಿ ಮಾಡಿದರೆ ಅದು ಮಾಡಿದವರ ಲಾಗಿನ್‌ನಲ್ಲಿ ಮಾತ್ರ ಕಾಣುತ್ತದೆ.