ಅರ್ಧ ಮನೆಗೆ ಅರ್ಧ ಬೆಲೆ ಯಾಕಾಗುವುದಿಲ್ಲ: ಚಿಕ್ಕ ಮನೆ ಕಟ್ಟಿಸಿದ ನನ್ನ ಅನುಭವ

ವಿಸ್ತೀರ್ಣ ಅರ್ಧ ಮಾಡಿದರೆ ಬೆಲೆಯೂ ಅರ್ಧಕ್ಕೆ ಇಳಿಯಬೇಕಲ್ಲವೇ ಎಂದು ನನ್ನ ಬಳಿ ನಕ್ಷೆ ಮಾಡಿಸಲು ಬರುವವರು ಕೇಳುತ್ತಲೇ ಇರುತ್ತಾರೆ. ನ್ಯಾಯವಾದ ಪ್ರಶ್ನೆ. ವಾಸ್ತುಶಿಲ್ಪಿಯಾಗಿ ಬಹುಕಾಲ ದೊಡ್ಡ ಮನೆಗಳನ್ನೇ ಮಾಡಿಕೊಟ್ಟ ನಾನು ಕೆಲವು ವರ್ಷಗಳಿಂದ ಚಿಕ್ಕ ಮನೆಗಳ ಬೆನ್ನು ಹತ್ತಿದ್ದೇನೆ. ಕೋಣೆಗಳನ್ನು ಕಿರಿದು ಮಾಡಿದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ. ನೆಲವನ್ನು, ಮೆಟ್ಟಿಲನ್ನು, ನೀರಿನ ಪೈಪನ್ನು ಹಂಚಿಕೊಂಡಾಗ ಮಾತ್ರ ಬೆಲೆ ಕೈಗೆಟುಕುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ನಿವೇಶನದಲ್ಲಿ 1,500 ಚದರಡಿ ಮನೆ ಕಟ್ಟಲು ಒಟ್ಟು 100 ಪಾಲು ಖರ್ಚು, ಅದರಲ್ಲಿ ಜಾಗಕ್ಕೆ 50, ಕಟ್ಟಡಕ್ಕೆ 50 ಎಂದಿಟ್ಟುಕೊಳ್ಳಿ. ಅದೇ ಜಾಗದಲ್ಲಿ 750 ಚದರಡಿಯ ಮನೆ ಕಟ್ಟಿದರೆ ಕಟ್ಟಡದ ಖರ್ಚು 25ಕ್ಕೆ ಇಳಿಯುವುದಿಲ್ಲ. ಅಡುಗೆಮನೆ ಬೇಕೇ ಬೇಕು, ಬಚ್ಚಲು ಬೇಕೇ ಬೇಕು, ನೀರಿನ ತೊಟ್ಟಿ, ವಿದ್ಯುತ್ ಸಂಪರ್ಕ, ಪರವಾನಗಿ ಯಾವುದೂ ತಪ್ಪುವುದಿಲ್ಲ. ಮನೆಯಲ್ಲಿ ದುಬಾರಿಯಾದ ಚದರಡಿಗಳು ಇರುವುದೇ ಇಲ್ಲಿ. ಮಲಗುವ ಕೋಣೆ ಎಂದರೆ ನಾಲ್ಕು ಗೋಡೆ, ಒಂದು ಕಿಟಕಿ, ಅಷ್ಟೇ. ಹೀಗಾಗಿ ಕಟ್ಟಡಕ್ಕೆ 32 ಪಾಲು ಆಯಿತು ಅನ್ನಿ. ಜಾಗದ 50 ಹಾಗೇ ಇದೆ. ಒಟ್ಟು 82. ಅರ್ಧ ಮನೆ ಸಿಕ್ಕಿತು, ಬೆಲೆ ಐದರಲ್ಲಿ ಒಂದು ಪಾಲೂ ಇಳಿಯಲಿಲ್ಲ. ಅದೇ ಜಾಗದಲ್ಲಿ ಇಂಥ ಎರಡು ಮನೆ ಬಂದರೆ ಒಂದೊಂದಕ್ಕೆ ಜಾಗದ ಅರ್ಧ ಪಾಲು 25, ಕಟ್ಟಡದ 32, ಒಟ್ಟು 57. ನಿಜವಾದ ಇಳಿಕೆ ಇದು.

ಗೋಡೆಯ ಲೆಕ್ಕವೂ ಹೀಗೆಯೇ. 25 ಅಡಿಗೆ 40 ಅಡಿ, ಅಂದರೆ 1,000 ಚದರಡಿ ಮನೆಯ ಸುತ್ತಳತೆ 130 ಅಡಿ. 20ಕ್ಕೆ 25 ಅಡಿ, ಅಂದರೆ 500 ಚದರಡಿ ಮನೆಯ ಸುತ್ತಳತೆ 90 ಅಡಿ. ವಿಸ್ತೀರ್ಣ ಅರ್ಧವಾದರೂ ಗೋಡೆ ಅರ್ಧವಾಗಲಿಲ್ಲ. ಬಿಡಿಬಿಡಿಯಾಗಿ ನಿಂತ ಪುಟ್ಟ ಮನೆ ಅಗ್ಗ ಎಂದು ಹಲವರು ತಿಳಿದಿದ್ದಾರೆ. ಗಾರೆ, ಇಟ್ಟಿಗೆಯ ಲೆಕ್ಕದಲ್ಲಿ ಅದೇ ದುಬಾರಿ. ಚಿಕ್ಕ ಮನೆಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಇಲ್ಲವೇ ಒಂದರ ಮೇಲೊಂದು ಕೂರಬೇಕು.

ಕಟ್ಟಡ ಕಟ್ಟಿ ಮಾರುವವರು ಚಿಕ್ಕ ಮನೆಯತ್ತ ಮುಖ ಹಾಕದಿರುವುದಕ್ಕೂ ಇದೇ ಕಾರಣ. ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮವಿರುವ ಕಡೆ ಜಾಗದ ಬೆಲೆಯನ್ನು ಹರಡಲು ಅವರಿಗೆ ಇರುವ ದಾರಿ ಮನೆಯನ್ನು ಹಿಗ್ಗಿಸುವುದೊಂದೇ. ಅಮೆರಿಕದಲ್ಲಿ 1947ರಲ್ಲಿ ಶುರುವಾದ ಲೆವಿಟ್‌ಟೌನ್ ಎಂಬ ಬಡಾವಣೆಯ ಮನೆಗಳು ಸುಮಾರು 750 ಚದರಡಿಯವು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಕುಟುಂಬಗಳು ಅವುಗಳಲ್ಲಿ ಸಂಸಾರ ಹೂಡಿದವು. ಅದೇ ದೇಶದಲ್ಲಿ 2015ರ ಹೊತ್ತಿಗೆ ಹೊಸ ಮನೆಯ ಸರಾಸರಿ 2,600 ಚದರಡಿ ದಾಟಿತು. ಇತ್ತ ಒಂದು ಮನೆಯಲ್ಲಿ ಇರುವವರ ಸಂಖ್ಯೆ 1960ರ 3.33ರಿಂದ ಎರಡೂವರೆಯ ಆಸುಪಾಸಿಗೆ ಇಳಿದಿದೆ. ಜರ್ಮನಿಯಲ್ಲಿ ನೂರು ಮನೆಗಳಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳಲ್ಲಿ ಇರುವುದು ಒಬ್ಬರೇ. ಮನೆಯೊಳಗಿನ ಜನ ಕಡಿಮೆಯಾದರು, ಮನೆ ಮಾತ್ರ ದೊಡ್ಡದಾಯಿತು. ಒಬ್ಬಂಟಿ ಹಿರಿಯರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಮಗುವಿನೊಂದಿಗೆ ಬೇರೆ ಬಂದ ತಾಯಿ, ಇವರೆಲ್ಲ ತಮಗೆ ಬೇಡದ ಕೋಣೆಗಳಿಗೂ ದುಡ್ಡು ತೆರಬೇಕು, ಇಲ್ಲವೇ ಬಾಡಿಗೆಯಲ್ಲೇ ಉಳಿಯಬೇಕು. ನನಗೆ ಸಂಕಟವಾಗುವುದು ಇದನ್ನು ನೋಡಿ.

ನಾನು ಮೊದಲು ಕೈಹಾಕಿದ ಕಟ್ಟಡದ ಕಥೆ ಹೇಳುತ್ತೇನೆ. ಪ್ರತಿ ಅಂತಸ್ತಿಗೆ ಒಂದೊಂದು ದೊಡ್ಡ ಮನೆ ಎಂದು ಜಾಗದ ಮಾಲೀಕರು ತೀರ್ಮಾನಿಸಿಬಿಟ್ಟಿದ್ದರು. ಅಂತಸ್ತಿಗೆ 1,500 ಚದರಡಿ, ಮೂರು ಬೆಡ್‌ರೂಮು, ಪ್ರತಿ ಬೆಡ್‌ರೂಮಿಗೂ ಅಟ್ಯಾಚ್ಡ್ ಬಾತ್‌ರೂಮು. ಮೆಟ್ಟಿಲಿಗೆ 150 ಚದರಡಿ ಬಿಟ್ಟರೆ ಉಳಿಯುವ 1,350ರಲ್ಲಿ 450 ಚದರಡಿಯ ಮೂರು ಮನೆ ಮಾಡೋಣ ಎಂದೆ.

"ಚಿಕ್ಕ ಮನೆ ಕಟ್ಟಿದ್ರೆ ಯಾರು ತಗೋತಾರೆ? ಎಲ್ಲರೂ ಮೂರು ಬೆಡ್‌ರೂಮೇ ಕೇಳೋದು" ಅಂದರು.

"ಕೊಳ್ಳೋ ಶಕ್ತಿ ಇರೋರು ನಿಮ್ಮ ಹತ್ರ ಬಂದು ಕೇಳ್ತಾರೆ ಸರ್. ಇಲ್ಲದೋರು ಗೇಟಿನವರೆಗೂ ಬರಲ್ಲ" ಅಂದೆ.

ಅವರ ಎರಡನೆಯ ಆಕ್ಷೇಪ ಪ್ಲಂಬಿಂಗ್ ಖರ್ಚಿನದು. ಆಗ ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಬಚ್ಚಲು ಎಣಿಸಲು ಹೇಳಿದೆ. ದೊಡ್ಡ ಮನೆಯಲ್ಲಿ ಮೂರು, ಮೂರು ಚಿಕ್ಕ ಮನೆಗಳಲ್ಲೂ ಒಂದೊಂದರಂತೆ ಮೂರೇ! ಹೆಚ್ಚಾದದ್ದು ಎರಡು ಅಡುಗೆಮನೆ, ಎರಡು ಮೀಟರು, ಎರಡು ಮುಂಬಾಗಿಲು. ಅವರು ಒಪ್ಪಿದ್ದು ಈ ಎಣಿಕೆ ನೋಡಿದ ಮೇಲೆ.

ಉಳಿತಾಯದ ಬಹುಪಾಲು ಬಂದದ್ದು ನೀರಿನ ಗೋಡೆಯಿಂದ. ಎರಡು ಮನೆಗಳ ಬಚ್ಚಲು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಅಡುಗೆಮನೆಯ ಸಿಂಕು ಅದೇ ಗೋಡೆಗೆ ಬರಬೇಕು, ಮೇಲಿನ ಅಂತಸ್ತಿನಲ್ಲೂ ಇಂಚು ತಪ್ಪದೆ ಅದೇ ಜಾಗಕ್ಕೆ. ಒಂದು ಡಕ್ಟಿನಲ್ಲಿ ಎಲ್ಲ ಪೈಪುಗಳೂ ನೇರ ಕೆಳಗಿಳಿಯುತ್ತವೆ. ಡಕ್ಟನ್ನು ಆಳು ಒಳಗೆ ನಿಂತು ಸ್ಪ್ಯಾನರ್ ತಿರುಗಿಸುವಷ್ಟು ಅಗಲ ಮಾಡಿ, ಬಾಗಿಲನ್ನು ಮೆಟ್ಟಿಲ ಕಡೆಗೆ ಇಟ್ಟೆವು. ಪೈಪು ಸೋರಿದರೆ ಯಾರ ಮನೆಯ ಟೈಲ್ಸನ್ನೂ ಒಡೆಯಬೇಕಿಲ್ಲ. ಇಲ್ಲಿ ಜಾಗ ಉಳಿಸಲು ಹೋಗಬೇಡಿ ಎಂದು ಯಾರಿಗಾದರೂ ಗಟ್ಟಿಯಾಗಿ ಹೇಳುತ್ತೇನೆ.

ಅಡುಗೆಮನೆಗೆ ನಾನು ಮತ್ತೆ ಮತ್ತೆ ನೋಡುವುದು 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೆಗಳಿಗಾಗಿ ವಿನ್ಯಾಸ ಮಾಡಿದ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಬೋಗಿಯ ಅಡುಗೆ ಜಾಗವನ್ನು ಮಾದರಿಯಾಗಿಟ್ಟುಕೊಂಡು, ಕೈ ಎಲ್ಲಿಗೆ ಚಾಚುತ್ತದೆ, ಎಷ್ಟು ಹೆಜ್ಜೆ ಬೀಳುತ್ತದೆ ಎಂದು ಅಳೆದು ಮಾಡಿದ್ದು. ಹತ್ತು ಸಾವಿರದಷ್ಟು ಮನೆಗಳಿಗೆ ಅದನ್ನು ಅಳವಡಿಸಿದರು. ಚಿಕ್ಕ ಮನೆಯನ್ನು ಹೀಗೆ ಅಳೆದೇ ಮಾಡಬೇಕು. ದೊಡ್ಡ ಮನೆಯ ನಕ್ಷೆಯನ್ನು ಕುಗ್ಗಿಸಿದರೆ ಯಾವ ಕೋಣೆಯೂ ಕೆಲಸಕ್ಕೆ ಬರುವುದಿಲ್ಲ.

ಬಾಗಿಲನ್ನೇ ನೋಡಿ. ಮೂರಡಿ ಅಗಲದ ಬಾಗಿಲು ತೆರೆದುಕೊಳ್ಳಲು ಸುಮಾರು 7 ಚದರಡಿ ನೆಲ ಖಾಲಿ ಇರಬೇಕು. ಒಳಗೆ ಅಂಥ ಮೂರು ಬಾಗಿಲಿದ್ದರೆ 21 ಚದರಡಿ, ಒಂದು ಒಳ್ಳೆಯ ಬಟ್ಟೆ ಬೀರುವೂ ಅದರ ಮುಂದೆ ನಿಲ್ಲುವ ಜಾಗವೂ ಸೇರಿದಷ್ಟು. ಒಳಬಾಗಿಲುಗಳನ್ನೆಲ್ಲ ಪಕ್ಕಕ್ಕೆ ಸರಿಯುವಂತೆ ಮಾಡಿದೆವು. ಓಣಿಯಂಥ ಪ್ಯಾಸೇಜನ್ನು ತೆಗೆದುಹಾಕಿದೆವು. ಸ್ಲ್ಯಾಬಿನ ಎತ್ತರವನ್ನು ಮಾತ್ರ ಕಡಿಮೆ ಮಾಡಲಿಲ್ಲ. ನೆಲ ಕಿರಿದಾದಷ್ಟೂ ತಲೆಯ ಮೇಲೆ ಗಾಳಿ ಬೇಕು, ಸಾಮಾನು ಇಡಲು ಅಟ್ಟವೂ ಬೇಕು.

ನಕ್ಷೆ ಕಾಗದದ ಮೇಲೆ ಒಪ್ಪಿಗೆಯಾದರೂ ನಾನು ಕೆಲಸ ಶುರು ಮಾಡುವುದಿಲ್ಲ. ಕೊಳ್ಳುವವರನ್ನು ಕರೆದು, ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಬಿಡಿಸುತ್ತೇನೆ. ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಬೀರು, ಮಂಚದ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಟೇಪಿನ ಮಂಚದ ಪಕ್ಕ ನಿಂತು, ಹಾಸಿಗೆಯ ಮೇಲುಹೊದಿಕೆ ಹಾಸುವವರಂತೆ ಬಗ್ಗಿದರು. ಬೆನ್ನು ಗೋಡೆಯ ಗೆರೆ ದಾಟಿತು.

"ಇಲ್ಲಿ ನನಗೆ ಇನ್ನೂ ಅರ್ಧ ಅಡಿ ಬೇಕಪ್ಪ" ಅಂದರು.

"ಎಲ್ಲಿಂದ ತೆಗೀಲಿ ಮೇಡಂ?"

ಸ್ವಲ್ಪ ಹೊತ್ತು ನೋಡಿ, "ಹಾಲ್‌ನಿಂದ ತೆಗಿ. ನಾನು ಕೂತ್ಕೊಳ್ಳೋದು ಕಿಟಕಿ ಹತ್ರಾನೇ" ಎಂದರು. ಬಚ್ಚಲಿನ ಬಾಗಿಲನ್ನೂ ಮೂರಡಿಗೆ ಹಿಗ್ಗಿಸಲು ಅವರೇ ಹೇಳಿದರು, ಮುಂದೆ ಗಾಲಿಕುರ್ಚಿ ಬೇಕಾದರೆ ಎಂದು. ಮನೆಯ ವಿಸ್ತೀರ್ಣ ಒಂದು ಅಡಿಯೂ ಹೆಚ್ಚಲಿಲ್ಲ.

ನನ್ನ ಕೈಗೆ ನಿಲುಕದ್ದು ನಿಯಮಗಳು. ಪಾರ್ಕಿಂಗನ್ನೇ ತೆಗೆದುಕೊಳ್ಳಿ: ಒಂದು ಕಾರು ನಿಲ್ಲಲು ಸುಮಾರು 135 ಚದರಡಿ, ಅದು ಒಳಬಂದು ತಿರುಗುವ ದಾರಿಯೂ ಸೇರಿದರೆ 300ರ ಹತ್ತಿರ. ಮನೆಗೊಂದು ಕಾರಿನ ಜಾಗ ಕಡ್ಡಾಯ ಎಂದರೆ, 450 ಚದರಡಿಯ ಮನೆಯವರು ಕಾರೇ ಇಲ್ಲದಿದ್ದರೂ ಇನ್ನೂ 300 ಚದರಡಿಗೆ ದುಡ್ಡು ಕೊಡಬೇಕು. ಆ ಕಟ್ಟಡದಲ್ಲಿ ನಮಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಇದೇ. ನೆಲ ಅಂತಸ್ತನ್ನು ಪೂರ್ತಿ ವಾಹನಗಳಿಗೆ ಬಿಟ್ಟ ಮೇಲೆಯೇ ಪರವಾನಗಿ ಸಿಕ್ಕಿತು. ನಿವೇಶನದ ಅಳತೆಗೂ ಇಂಥ ನಿಯಮಗಳಿರುತ್ತವೆ. ಅದನ್ನು ಸಡಿಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹ್ಯೂಸ್ಟನ್ ನಗರ ಒಳ್ಳೆಯ ಉದಾಹರಣೆ. 1998ರಲ್ಲಿ ಅಲ್ಲಿ ನಗರದ ಒಳಭಾಗದಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು 5,000 ಚದರಡಿಯಿಂದ 1,400ರವರೆಗೆ ಇಳಿಸಲು ಅವಕಾಶ ಕೊಟ್ಟರು, 2013ರಲ್ಲಿ ಅದನ್ನು ಇಡೀ ನಗರಕ್ಕೆ ವಿಸ್ತರಿಸಿದರು. ಒಂದು ಮನೆಯಿದ್ದ ಜಾಗದಲ್ಲಿ ಎರಡು, ಮೂರು ಮನೆಗಳು ಸಾಲಾಗಿ ಎದ್ದವು.

ಸಾಲ ಇನ್ನೊಂದು ಗೋಡೆ. ಬ್ಯಾಂಕಿನ ಮೌಲ್ಯಮಾಪಕರು ಸುತ್ತಮುತ್ತ ಅಂಥದ್ದೇ ಮನೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ನೋಡುತ್ತಾರೆ. ಚಿಕ್ಕ ಮನೆಯೇ ಇಲ್ಲದ ಬಡಾವಣೆಯಲ್ಲಿ ಹೋಲಿಸಲು ಏನೂ ಸಿಗುವುದಿಲ್ಲ, ಮೌಲ್ಯ ಕಡಿಮೆ ಬರೆಯುತ್ತಾರೆ, ಸಾಲ ಸಾಲದಾಗುತ್ತದೆ. ಕಟ್ಟದಿರುವುದರಿಂದ ಮಾರಾಟದ ದಾಖಲೆ ಇಲ್ಲ, ದಾಖಲೆ ಇಲ್ಲದಿರುವುದರಿಂದ ಯಾರೂ ಕಟ್ಟುವುದಿಲ್ಲ. ಮೊದಲ ಎರಡು ಮನೆಗಳ ನೋಂದಣಿ ಆಗುವ ತನಕ ನಮಗೂ ಇದೇ ಗತಿ. ಆಮೇಲೆ ಅವೇ ಉಳಿದವಕ್ಕೆ ದಾಖಲೆಯಾದವು.

ಹಾಗಂತ ಎಷ್ಟು ಬೇಕಾದರೂ ಕುಗ್ಗಿಸಬಹುದು ಎಂದು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಕಚೇರಿಗಳನ್ನು ಮನೆಗಳಾಗಿ ಪರಿವರ್ತಿಸಲು ಸಡಿಲ ಬಿಟ್ಟಾಗ ಕಿಟಕಿಯೂ ಇಲ್ಲದ ಗೂಡುಗಳು ತಯಾರಾದವು. ಕೊನೆಗೆ 2021ರಿಂದ ಅಂಥ ಮನೆಗಳಿಗೂ ಕನಿಷ್ಠ ಅಳತೆ ಕಡ್ಡಾಯ ಮಾಡಬೇಕಾಯಿತು. ಅಲ್ಲಿ ಒಬ್ಬರಿಗೆ ಕನಿಷ್ಠ 37 ಚದರ ಮೀಟರ್, ಅಂದರೆ ಸುಮಾರು 400 ಚದರಡಿ. ನನ್ನ ಗಡಿಯೂ ಅದೇ. ಅದಕ್ಕಿಂತ ಕಿರಿದು ಮಾಡಿಕೊಡಿ ಎಂದು ಬಂದ ಕೆಲಸಗಳನ್ನು ವಾಪಸ್ ಕಳಿಸಿದ್ದೇನೆ. ಎರಡು ದಿಕ್ಕಿನಿಂದ ಗಾಳಿ ಬಾರದ ನಕ್ಷೆಗೂ ನಾನು ಸಹಿ ಹಾಕುವುದಿಲ್ಲ.

ಇತ್ತೀಚಿನ ಕಟ್ಟಡಗಳಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದೇನೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆಯಲ್ಲಿ, ಮೂರಡಿ ಅಗಲದ ಒಂದು ಜಾಗಕ್ಕೆ ಮೊದಲೇ ಲಿಂಟೆಲ್, ಅಂದರೆ ಬಾಗಿಲ ಮೇಲಿನ ಗೋಡೆಯ ಭಾರ ಹೊರುವ ತೊಲೆ ಕೊಟ್ಟು, ಕೆಳಗೆ ಬರೀ ಇಟ್ಟಿಗೆ ತುಂಬಿಸುತ್ತೇವೆ. ಅಲ್ಲಿ ಪೈಪಾಗಲಿ ವೈರಾಗಲಿ ಹಾಯುವುದಿಲ್ಲ. ಸಂಸಾರ ಬೆಳೆದು ಪಕ್ಕದ ಮನೆಯನ್ನೂ ಕೊಂಡರೆ ಒಂದೇ ದಿನದಲ್ಲಿ ಆ ಇಟ್ಟಿಗೆ ತೆಗೆದು ಬಾಗಿಲು ಮಾಡಿಕೊಳ್ಳಬಹುದು. ಮಕ್ಕಳು ದೂರ ಹೋದ ಮೇಲೆ ಮತ್ತೆ ಮುಚ್ಚಿ ಒಂದನ್ನು ಮಾರಲೂಬಹುದು. ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ಒಂದು ಲಿಂಟೆಲ್ಲಿನದು.