ಬೇವಿನ ಬೀಜ ಯುಗಾದಿವರೆಗೆ ಕಾಯುವುದಿಲ್ಲ

ಮುಳಬಾಗಿಲು ಕಡೆಯ ನಮ್ಮೂರಿನ ಗುಂಡುತೋಪಿನಲ್ಲಿ ಇದ್ದದ್ದೆಲ್ಲ ನೀಲಗಿರಿ. ಅದನ್ನು ಕಡಿದ ಮೇಲೆ 3 ಎಕರೆ ಬೋಳಾಯಿತು. ನಮ್ಮ ಕಡೆಯ ಮರಗಳನ್ನೇ ಹಾಕೋಣ ಅಂತ ಊರವರು ಮಾತಾಡುವಾಗ, ಸಸಿ ನಾನು ಮಾಡಿಕೊಡುತ್ತೇನೆ ಅಂತ ಸುಮ್ನೆ ಇರಲಾರದೆ ಹೇಳಿಬಿಟ್ಟೆ. 15 ಅಡಿಗೊಂದು ಅಂದರೂ ಎಕರೆಗೆ 190ರ ಹತ್ತಿರ ಬೇಕು. ಸಾಯುವುದನ್ನೂ ಲೆಕ್ಕ ಹಿಡಿದು 800 ಅಂದುಕೊಂಡೆ. ಇದ್ದ ಜಾಗ ಮನೆ ಹಿತ್ತಲು ಮಾತ್ರ.

ಮೊದಲ ವರ್ಷ ಪೂರ್ತಿ ದಂಡ. ಆಷಾಢದಲ್ಲಿ ಉದುರಿದ ಬೇವಿನ ಹಣ್ಣು ಆಯ್ದು, ಬೀಜ ಒಣಗಿಸಿ ಡಬ್ಬಿಗೆ ತುಂಬಿ, ಯುಗಾದಿ ಕಳೆದ ಮೇಲೆ ನೆಟ್ಟೆ. ಒಂದೂ ಏಳಲಿಲ್ಲ. ರಾಗಿ ಥರ ಎತ್ತಿಟ್ಟುಕೊಳ್ಳುವ ಬೀಜವಲ್ಲ ಅದು, ಎರಡು ಮೂರು ವಾರದಲ್ಲೇ ಜೀವ ಹೋಗುತ್ತೆ. ನೇರಳೆ, ಹಿಪ್ಪೆಯದೂ ಇದೇ ಕಥೆ. ಮರುವರ್ಷ ಹಣ್ಣು ಬಿದ್ದ ವಾರವೇ ತಿರುಳು ತೊಳೆದು, ಎರಡು ದಿನ ನೆರಳಲ್ಲಿ ಆರಿಸಿ ನೆಟ್ಟೆ. ಹಿಪ್ಪೆ ಬೀಜ ಆಯುವ ಕೆಲಸ ಅರ್ಧ ಬಾವಲಿಗಳೇ ಮಾಡಿಕೊಟ್ಟವು. ರಾತ್ರಿ ತಿಂದು ಉದುರಿಸಿದ್ದನ್ನು ಬೆಳಿಗ್ಗೆ ಬಾಚಿಕೊಂಡು ಬರುವುದು.

ಕಕ್ಕೆಯದು ಉಲ್ಟಾ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ನೀರನ್ನು ಮಾತ್ರ ಒಳಗೆ ಬಿಡುವುದಿಲ್ಲ. ಬಿಸಿನೀರಲ್ಲಿ ನೆನೆಸಿದರೆ ನೂರಕ್ಕೆ ಹತ್ತು ಉಬ್ಬಿದವು. ಆಮೇಲೆ ಒಂದೊಂದನ್ನೇ ಎಮರಿ ಪೇಪರ್ ಮೇಲೆ ಒಳಗಿನ ಬಿಳುಪು ಕಾಣುವಷ್ಟು ಉಜ್ಜಿದೆ. ಮೊಳಕೆ ಬರುವ ತುದಿಯನ್ನು ಮುಟ್ಟಬಾರದು, ಪಕ್ಕದಲ್ಲಿ ಉಜ್ಜಬೇಕು. ರಾತ್ರಿ ನೆನೆಸಿದರೆ ಬೆಳಿಗ್ಗೆಗೆ ಎರಡರಷ್ಟು ದಪ್ಪ! ಬೆರಳು ಉರಿ ಬಂದರೂ ಟೀವಿ ನೋಡುತ್ತಾ ಮಾಡುವ ಕೆಲಸ, ಪರವಾಗಿಲ್ಲ. ಬಿಳಿ ಜಾಲಿಗೆ ಅಷ್ಟೂ ಕಷ್ಟವಿಲ್ಲ, ಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜ ಚೆನ್ನಾಗಿ ಬರುತ್ತೆ, ಹಟ್ಟಿ ಗುಡಿಸುವಾಗ ಆರಿಸಿಕೊಂಡರಾಯಿತು.

ಹೊಂಗೆಗೆ ಏನೂ ಮಾಡಬೇಕಿಲ್ಲ. ಕಾಯಿ ಒಡೆದು ನೆಟ್ಟರೆ ಎರಡು ವಾರದಲ್ಲಿ ತಲೆ ಎತ್ತುತ್ತೆ.

ಚೀಲಕ್ಕೆ ದುಡ್ಡು ಹಾಕಲಿಲ್ಲ. ಬೀದಿಯ ಮನೆಗಳಲ್ಲೆಲ್ಲ ಹಾಲಿನ ಪ್ಯಾಕೆಟ್ ಕೇಳಿ ಇಟ್ಟುಕೊಂಡೆ. ತಳದಲ್ಲಿ ತೂತು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ತಿಪ್ಪೆಗೊಬ್ಬರ. ಹಸಿ ಸಗಣಿ ಹಾಕಿದ ಐವತ್ತು ಪ್ಯಾಕೆಟ್ ಸುಟ್ಟುಹೋದವು. ಬೇವಿಗೆ ಅರ್ಧ ಲೀಟರಿನದು ಸಾಕು. ಹೊಂಗೆಗೆ ಒಂದು ಲೀಟರಿನದೇ ಬೇಕು, ಇಲ್ಲದಿದ್ದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತೆ, ಅಂಥ ಸಸಿ ನೆಟ್ಟ ಮೇಲೂ ಬೇಗ ಚೇತರಿಸಿಕೊಳ್ಳುವುದಿಲ್ಲ. ನೆಲದ ಮೇಲೆ ಇಟ್ಟರೆ ಬೇರು ತೂತಿನಿಂದ ಭೂಮಿಗೆ ಇಳಿದುಬಿಡುತ್ತೆ, ಎತ್ತುವಾಗ ಕಿತ್ತು ಸಾಯುತ್ತೆ. ಹಾಗಾಗಿ ಮನೆಯಲ್ಲಿ ಬಿದ್ದಿದ್ದ ಕಲ್ಲು ಚಪ್ಪಡಿಗಳ ಮೇಲೆ ಜೋಡಿಸಿದೆ, ತಿಂಗಳಿಗೊಮ್ಮೆ ಜಾಗ ಬದಲಿಸಿದೆ. 800 ಪ್ಯಾಕೆಟ್ ಎತ್ತಿಡುವುದು ಅಂದ್ರೆ ಸೊಂಟದ ಗತಿ ಗೊತ್ತಲ್ವಾ?

ನೆಡುವ ಮುಂಚೆ ಒಂದು ತಿಂಗಳು ನೀರು ಕಡಿಮೆ ಮಾಡಿ ಪೂರ್ತಿ ಬಿಸಿಲಿಗೆ ಇಟ್ಟಿದ್ದೆ. ಜೂನ್ ಮಳೆಗೆ 560 ಸಸಿ ತೋಪು ಸೇರಿದವು. ಮಿಕ್ಕವು ಚಪ್ಪಡಿ ಮೇಲೇ ಇವೆ, ಸತ್ತದ್ದರ ಗುಂಡಿಗೆ ಇಡೋಕೆ. ಈಗ ಅಲ್ಲಿ ದೊಡ್ಡ ಕೆಲಸ ನೀಲಗಿರಿಯದೇ, ಉಳಿದ ಬುಡಗಳೆಲ್ಲ ಮತ್ತೆ ಚಿಗುರುತ್ತಿವೆ.